117ನೇ ಕೋಣೆಯ ರಟ್ಟಿನ ಮುದುಕಿ

ಹೆಸರು: ವೆಂಡೆಲ್ ಕ್ರೇಬಿಲ್. ವಯಸ್ಸು: 66 ವರ್ಷ. ಉದ್ಯೋಗ: ನಿವೃತ್ತ ಪೋಸ್ಟ್‌ಮನ್. ವಾಸ: ಮನೆ ನಂಬರ್ 41, ಕಾರ್ಡಿನಲ್ ರಸ್ತೆ, ಬೆಲ್‌ಫೀಲ್ಡ್, ಓಹಾಯೋ.

ದಿನಾಂಕ 28-9-1998ರ ಸೋಮವಾರ ಬೆಳಿಗ್ಗೆ 10.30ಕ್ಕೆ ಯಾರೂ ಕರೆಯದಿದ್ದರೂ ನಾನಾಗಿಯೇ ಹಾರ್ಲನ್ಸ್‌ಬರ್ಗ್ ಪೊಲೀಸ್ ಠಾಣೆಗೆ ಬಂದು, ಅಧಿಕಾರಿ ಕೋಲ್ಬ್ ಅವರ ಎದುರು ಕುಳಿತು ಈ ಮೂಲಕ ತಿಳಿಸುವುದೇನೆಂದರೆ:

ನಾನು 38 ವರ್ಷ ಮನೆಮನೆಗೆ ಅಂಚೆ ಹಂಚಿದವನು. ಯಾರ ಕಾಗದವನ್ನೂ ಒಡೆದು ಓದಿದವನಲ್ಲ, ಯಾರ ಹೊಸ್ತಿಲನ್ನೂ ಕರೆಯದೆ ದಾಟಿದವನಲ್ಲ. ಈ ಮಾತು ಪ್ರಕರಣಕ್ಕೆ ಸಂಬಂಧಪಟ್ಟಿದ್ದಲ್ಲ ಎಂದು ಅಧಿಕಾರಿಗಳು ಹೇಳಿದರು. ಸಂಬಂಧವಿದೆ ಎಂದು ನನಗೆ ಅನ್ನಿಸಿದ್ದರಿಂದ ಬರೆಸಿದ್ದೇನೆ.

ಕಳೆದ 26 ವರ್ಷಗಳಿಂದ, ಅಕ್ಟೋಬರ್ ತಿಂಗಳ ಕೊನೆಯ ದಿನ ಬರುವ ಹ್ಯಾಲೋವೀನ್ ಹಬ್ಬದ ಹಳೆಯ ಜರ್ಮನ್ ಕಾಗದದ ಅಲಂಕಾರಗಳನ್ನು ಸಂಗ್ರಹಿಸುತ್ತಿದ್ದೇನೆ. ಎರಡನೇ ಮಹಾಯುದ್ಧಕ್ಕೆ ಮೊದಲು ಅಲ್ಲಿನ ಕಾರ್ಖಾನೆಗಳಲ್ಲಿ ದಪ್ಪ ರಟ್ಟನ್ನು ಅಚ್ಚಿನಲ್ಲಿ ಒತ್ತಿ ಉಬ್ಬಿಸಿ, ಬಣ್ಣ ಹಾಕಿ, ನಮ್ಮ ದೇಶಕ್ಕೆಂದೇ ಹಡಗಿನಲ್ಲಿ ಕಳಿಸುತ್ತಿದ್ದರು. ಬೆಕ್ಕು, ಗೂಬೆ, ಚಂದ್ರ, ಕುಂಬಳಕಾಯಿ ಮುಖ, ಮಾಟಗಾತಿ, ಹೀಗೆ. ಮಾಡುವವರಿಗೆ ಆ ಹಬ್ಬವೇ ಗೊತ್ತಿರಲಿಲ್ಲ. ಕೊಂಡವರು ಹಬ್ಬ ಮುಗಿದ ಮಾರನೆಯ ದಿನ ಒಲೆಗೆ ಹಾಕುತ್ತಿದ್ದರು. ಹಾಗಾಗಿ ಉಳಿದಿರುವುದು ಕಡಿಮೆ. ನನ್ನ ಮನೆಯಲ್ಲಿ 212 ಇವೆ. ಅವುಗಳಲ್ಲಿ ಮುದುಕಿ ಇರಲಿಲ್ಲ.

ಮುದುಕಿ ಎಂದರೆ ಹದಿನಾಲ್ಕೂವರೆ ಅಂಗುಲ ಎತ್ತರದ ಒಬ್ಬ ಮಾಟಗಾತಿಯ ಚಿತ್ರ. ಕಿತ್ತಳೆ ಬಣ್ಣದ ಏಪ್ರನ್, ಕೈಯಲ್ಲಿ ಸೌಟು, ಹೆಗಲ ಮೇಲೆ ಕರಿ ಬೆಕ್ಕು. ನಮ್ಮ ಸಂಗ್ರಾಹಕರ ಕೂಟದಲ್ಲಿ ಅವಳಿಗೆ ಬೇರೆ ಹೆಸರಿಲ್ಲ. ಮುದುಕಿ ಎಂದರೆ ಅವಳೇ. ನಮಗೆ ತಿಳಿದಂತೆ ಇಡೀ ದೇಶದಲ್ಲಿ ನಾಲ್ಕು ಉಳಿದಿದ್ದವು. ಅವುಗಳಲ್ಲಿ ಒಂದು ಲೆಸ್ಟರ್ ಊಡೆಲ್ ಎಂಬುವವರ ಬಳಿ ಇದೆ, ಸೌಟು ಹಿಡಿದ ಕೈ ಮುರಿದಿದೆ. ಲೆಸ್ಟರ್ ನನಗಿಂತ ಎರಡು ವರ್ಷ ಚಿಕ್ಕವರು, ಹೀಟರ್ ರಿಪೇರಿ ಮಾಡುತ್ತಿದ್ದವರು. ಹನ್ನೊಂದು ವರ್ಷದ ಹಿಂದೆ ಒಂದು ಹರಾಜಿನಲ್ಲಿ, ನಾನು ಮೂತ್ರಕ್ಕೆ ಹೋಗಿದ್ದ ನಾಲ್ಕು ನಿಮಿಷದಲ್ಲಿ, ಅದನ್ನು ಹೊಡೆದುಕೊಂಡರು. ಅಂದಿನಿಂದ ಪ್ರತಿವರ್ಷ ಸಿಕ್ಕಾಗ ಅವರು ಕೇಳುವ ಮೊದಲ ಮಾತು, "ಏನೋ ವೆಂಡೆಲ್, ನಮ್ಮ ಮುದುಕಿ ನಿನ್ನನ್ನೇ ಕೇಳ್ತಿದ್ಲು ಕಣೋ." ಈ ಮಾತಿಗೆ ನಾನು ಒಮ್ಮೆಯೂ ನಕ್ಕಿಲ್ಲ.

ನಮ್ಮ ಕೂಟ ಪ್ರತಿವರ್ಷ ಸೆಪ್ಟೆಂಬರ್ ತಿಂಗಳ ಕೊನೆಯ ಶನಿವಾರ ಈ ಊರಿನ ತ್ರೀ ಎಲ್ಮ್ಸ್ ಮೋಟೆಲಿನಲ್ಲಿ ಸೇರುತ್ತದೆ. ಹಿಂಬದಿಯ ಸಾಲಿನ 101ರಿಂದ 120ರವರೆಗಿನ ಕೋಣೆಗಳು ನಮ್ಮವು. ನಮ್ಮಲ್ಲಿ ಒಂದು ಪದ್ಧತಿ ಇದೆ. ಬಾಗಿಲ ಹಿಡಿಗೆ ಕಿತ್ತಳೆ ಕಾಗದದ ಕುಂಬಳಕಾಯಿ ನೇತುಹಾಕಿ ಬಾಗಿಲು ತೆರೆದಿಟ್ಟರೆ, ಅದು ಅಂಗಡಿ. ಯಾರು ಬೇಕಾದರೂ ಒಳಗೆ ಬರಬಹುದು. ಮಂಚದ ಮೇಲಿರುವುದು ಮಾರಾಟಕ್ಕೆ. ಮೇಜಿನ ಮೇಲಿರುವುದು ನೋಡಲಿಕ್ಕೆ. ಸ್ನಾನದ ಮನೆಯಲ್ಲಿಟ್ಟಿದ್ದನ್ನು ಕೇಳಲೇಬಾರದು. ಕೋಣೆಯವರು ಇಲ್ಲದಿದ್ದರೆ ಬೇಕಾದ ಸಾಮಾನನ್ನು ಎತ್ತಿಕೊಂಡು, ದಿಂಬಿನ ಮೇಲೆ ಒಂದು ಚೀಟಿ ಬರೆದಿಟ್ಟು ಹೋಗಬಹುದು. ಚೀಟಿಯಲ್ಲಿ ಹೆಸರು, ಕೋಣೆಯ ನಂಬರ್ ಇರಬೇಕು. ಚೀಟಿ ಇಟ್ಟವನು ತನ್ನ ಕೋಣೆಯಲ್ಲೇ ಕಾಯಬೇಕು. 22 ವರ್ಷದಲ್ಲಿ ಈ ಪದ್ಧತಿಯಿಂದ ಒಂದು ಗುಂಡುಸೂಜಿಯೂ ಕಳೆದಿರಲಿಲ್ಲ.

117ನೇ ಕೋಣೆ ನಮ್ಮ ಎಲ್‌ವುಡ್ ಪಿಕ್‌ರಿಲ್ ಅವರದ್ದು. ಅವರಿಗೆ ಶುಕ್ರವಾರ ಸಂಜೆ ಪಿತ್ತಕೋಶದಲ್ಲಿ ಕಲ್ಲಿನ ನೋವು ಬಂದು, ಬರುವುದಿಲ್ಲವೆಂದು ಮೋಟೆಲಿಗೆ ಫೋನ್ ಮಾಡಿದ್ದರಂತೆ. ನಮಗೆ ಯಾರೂ ಹೇಳಲಿಲ್ಲ. ನಮ್ಮವರು ಶುಕ್ರವಾರ ಮಧ್ಯಾಹ್ನವೇ ಇಪ್ಪತ್ತೂ ಬಾಗಿಲುಗಳಿಗೆ ಕುಂಬಳಕಾಯಿ ಕಟ್ಟಿದ್ದರು. ಶನಿವಾರ 11.30ಕ್ಕೆ ಮೋಟೆಲಿನ ಗುಮಾಸ್ತ ಆ ಕೋಣೆಯನ್ನು ಬೇರೆಯವರಿಗೆ ಕೊಟ್ಟ. ಕುಂಬಳಕಾಯಿ ತೆಗೆಯಲಿಲ್ಲ. ಕೇಳಿದ್ದಕ್ಕೆ, "ಚೆನ್ನಾಗಿ ಕಾಣ್ತಿತ್ತು, ಬಿಟ್ಟೆ" ಎಂದನಂತೆ. ಇದನ್ನು ಗುಮಾಸ್ತನ ಮೇಲೆ ತಪ್ಪು ಹೊರಿಸಲು ಹೇಳುತ್ತಿಲ್ಲ. ಶನಿವಾರ ರಾತ್ರಿಯವರೆಗೆ ಹೊರಿಸುತ್ತಿದ್ದೆ.

ಆ ಕೋಣೆಗೆ ಬಂದವರು ಶ್ರೀಮತಿ ರೋಸಲಿನ್ ಟಿಪ್ಟನ್, 59 ವರ್ಷ, ಇಂಡಿಯಾನಾದವರು. ಅವರ ತಾಯಿ ಶ್ರೀಮತಿ ಆರ್ಡಿತ್ ಶೂಮೇಕರ್, 88 ವರ್ಷ, ಇಲ್ಲಿಂದ 6.2 ಮೈಲಿ ದೂರದ ಆರೈಕೆ ಮನೆಯಲ್ಲಿದ್ದರು. ವಾಸಿಯಾಗುವ ಭರವಸೆ ಇಲ್ಲದವರನ್ನು ಕೊನೆಯವರೆಗೆ ನೋಡಿಕೊಳ್ಳುವ ಜಾಗ ಅದು. ಮಧ್ಯಾಹ್ನ ಎರಡು ಗಂಟೆಗೆ ಮೊದಲು ಅಲ್ಲಿ ಯಾರನ್ನೂ ಒಳಗೆ ಬಿಡುವುದಿಲ್ಲ. ಅದಕ್ಕೇ ಅವರು ಮೊದಲು ಮೋಟೆಲಿಗೆ ಬಂದು ಸಾಮಾನು ಇಳಿಸಿದ್ದರು. ಇದೆಲ್ಲ ನನಗೆ ಆಮೇಲೆ ತಿಳಿದದ್ದು.

ಶನಿವಾರ ಮಧ್ಯಾಹ್ನ 1.25ಕ್ಕೆ ನಾನು ನನ್ನ 109ನೇ ಕೋಣೆಯಿಂದ ಹೊರಟೆ. 113ರ ಬಾಗಿಲಲ್ಲಿ ಲೆಸ್ಟರ್ ಒಂದು ರಟ್ಟಿನ ಗೂಬೆ ಹಿಡಿದು ಚೌಕಾಸಿ ಮಾಡುತ್ತಿದ್ದರು. ನನ್ನನ್ನು ನೋಡಿ, "ಎರಡು ಗಂಟೆಗೆ ಎದುರುಗಡೆ ಚರ್ಚಿನ ಹಾಲ್‌ನಲ್ಲಿ ಊಟ, ಆಮೇಲೆ ಭಾಷಣ, ಹಳೇ ಕಾಗದ ಕಾಪಾಡೋದು ಹೇಗೆ ಅಂತ. ಬರ್ತೀಯೋ, ಇಲ್ಲಾ ನೀನೇ ಹಳೇ ಕಾಗದ ಆಗ್ಬಿಟ್ಟಿದ್ದೀಯೋ?" ಎಂದರು. ಬರುತ್ತೇನೆ ಎಂದೆ. 1.32ಕ್ಕೆ 117ರ ಮುಂದೆ ಬಂದೆ. ಹಿಡಿಯಲ್ಲಿ ಕುಂಬಳಕಾಯಿ, ಬಾಗಿಲು ಪೂರ್ತಿ ತೆರೆದಿತ್ತು. ಒಳಗೆ ಯಾರೂ ಇರಲಿಲ್ಲ. ಶ್ರೀಮತಿ ಟಿಪ್ಟನ್ ಕೈತುಂಬ ಸಾಮಾನು ತಂದಿಟ್ಟು, ಬಾಗಿಲು ಹಾಗೇ ಬಿಟ್ಟು, ಟವೆಲ್ ಕೇಳಲು ಗುಮಾಸ್ತನ ಹತ್ತಿರ ಹೋಗಿದ್ದರು.

ಕುರ್ಚಿಯ ಮೇಲೆ ಹೆಂಗಸರ ಉಣ್ಣೆಯ ಅಂಗಿ ಇತ್ತು. ಅದನ್ನು ನೋಡಿದೆ. ಎಲ್‌ವುಡ್ ಈ ಸಲ ಹೆಂಡತಿಯನ್ನು ಕರೆತಂದಿರಬೇಕು ಎಂದುಕೊಂಡೆ. ಎಲ್‌ವುಡ್‌ಗೆ ಹೆಂಡತಿ ತೀರಿಕೊಂಡು ಒಂಬತ್ತು ವರ್ಷವಾಯಿತು. ಅವರ ಮಣ್ಣಿಗೆ ನಾನೇ ಹೋಗಿದ್ದೆ. ಆ ಗಳಿಗೆಯಲ್ಲಿ ಅದು ನೆನಪಿಗೆ ಬರಲಿಲ್ಲ ಎಂದು ಹೇಳಿದರೆ ಅಧಿಕಾರಿಗಳು ನಂಬುವುದು ಕಷ್ಟ. ಮಂಚದ ಮೇಲೆ, ಅಂಗಡಿಯಲ್ಲಿ ಅಂಗಿ ಹಾಕಿಕೊಡುವಂಥ ಒಂದು ಹಳೆಯ ಡಬ್ಬ ಮುಚ್ಚಳ ತೆರೆದು ಬಿದ್ದಿತ್ತು. ಅದರಲ್ಲಿ ಕಾಗದದ ತೋರಣ, ಎರಡು ಸಾಧಾರಣ ಬೆಕ್ಕು, ಎಲ್ಲಕ್ಕಿಂತ ಮೇಲೆ ಮುದುಕಿ.

ಮಂಚದ ಅಂಚಿಗೆ ಕುಳಿತೆ. ಜೇಬಿನ ಟೇಪು ತೆಗೆದು ಅಳೆದೆ, ಹದಿನಾಲ್ಕೂವರೆ ಅಂಗುಲ. ಹಿಂಬದಿ ತಿರುಗಿಸಿದೆ, ಮುಂದೆ ಉಬ್ಬಿದ್ದೆಲ್ಲ ಹಿಂದೆ ತಗ್ಗಾಗಿತ್ತು. ಕೆಳ ಅಂಚಿನಲ್ಲಿ "ಜರ್ಮನಿ" ಎಂಬ ಸಣ್ಣ ಮುದ್ರೆ, ಅಕ್ಷರ ರಟ್ಟಿನಲ್ಲೇ ಒತ್ತಿದ್ದು, ಶಾಯಿಯಲ್ಲಿ ಅಚ್ಚು ಹಾಕಿದ್ದಲ್ಲ. ಕೈ ಸರಿಯಾಗಿತ್ತು. ಸೌಟು ಸರಿಯಾಗಿತ್ತು. ಬೆಕ್ಕಿನ ಮೀಸೆಯ ಮೂರೂ ಗೆರೆ ಇದ್ದವು. ಅಂಥ ಸಂತೋಷ ನನಗೆ ಮದುವೆಯಲ್ಲೂ ಆಗಿರಲಿಲ್ಲ. ಇದನ್ನು ನನ್ನ ಹೆಂಡತಿಗೆ ತಿಳಿಸಬಾರದೆಂದು ಕೋರುತ್ತೇನೆ.

ಮೋಟೆಲಿನ ಕಾಗದದ ಹಾಳೆಯಲ್ಲಿ ಚೀಟಿ ಬರೆದು ದಿಂಬಿನ ಮೇಲಿಟ್ಟೆ. ಆ ಚೀಟಿ ಈಗ ಠಾಣೆಯಲ್ಲಿದೆ. ನನ್ನ ಅಕ್ಷರವೇ ಎಂದು ಗುರುತಿಸಿ ಸಹಿ ಮಾಡಿದ್ದೇನೆ. ಅದರಲ್ಲಿರುವುದು ಇಷ್ಟು: "ಮುದುಕಿ ನನ್ನ ಹತ್ತಿರ ಇದ್ದಾಳೆ. ಹುಷಾರಾಗಿದ್ದಾಳೆ, ಎಲ್ಲೂ ಮುಕ್ಕಾಗಿಲ್ಲ. ನಿನಗೆ ಎಷ್ಟು ಬೇಕು ಹೇಳು. ಲೆಸ್ಟರ್ ಕಿವಿಗೆ ಬೀಳಬಾರದು. — ಡಬ್ಲ್ಯೂ."

ಪೂರ್ತಿ ಹೆಸರನ್ನೂ ಕೋಣೆಯ ನಂಬರನ್ನೂ ಬರೆಯಲಿಲ್ಲ. ಎಲ್‌ವುಡ್‌ಗೆ ನನ್ನ ಅಕ್ಷರ ಗೊತ್ತು. ಲೆಸ್ಟರ್ ಆ ಕೋಣೆಗೆ ನುಗ್ಗಿ ಚೀಟಿ ಓದಿದರೆ ನೇರವಾಗಿ 109ಕ್ಕೆ ಬಂದು ಕೂರುತ್ತಾರೆ, ಎಲ್‌ವುಡ್‌ಗೆ ಹೆಚ್ಚಿನ ಬೆಲೆ ಕೂಗುತ್ತಾರೆ ಎಂಬ ಭಯವಿತ್ತು. ಅದೇ ಭಯಕ್ಕೆ ನನ್ನ ಕೋಣೆಯಲ್ಲಿ ಕಾಯಲೂ ಇಲ್ಲ. 1.38ಕ್ಕೆ ಮುದುಕಿಯನ್ನು ಕೋಟಿನೊಳಗೆ ಇಟ್ಟುಕೊಂಡು ಹಿಂಬಾಗಿಲಿನಿಂದ ಹೊರಬಂದೆ. ಕಾರಿನ ಸೀಟಿನ ಕೆಳಗೆ ತಳ್ಳಿ, 1.44ಕ್ಕೆ ಹೊರಟೆ. ನಾಲ್ಕು ಮೈಲಿ ದೂರದ ಒಂದು ಊಟದ ಅಂಗಡಿಗೆ 1.52ಕ್ಕೆ ಸೇರಿದೆ. ಅಲ್ಲಿ ನಮ್ಮವರು ಯಾರೂ ಬರುವುದಿಲ್ಲ.

ಕಿಟಕಿಯ ಪಕ್ಕದ ಮೇಜಿನಲ್ಲಿ ಮುದುಕಿಯನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಎದುರಿಗೆ ಕುಳಿತೆ. ಸೇಬು ತುಂಬಿ ಬೇಯಿಸಿದ ಪೈ ಒಂದು, ಕಾಫಿ ಮೂರು ಸಲ. ಬಡಿಸುವ ಹೆಂಗಸು, "ಯಾರಿದು ಸ್ವಾಮಿ, ನಿಮ್ಮ ಅತ್ತೇನಾ? ಅವರಿಗೂ ಒಂದು ಪೈ ತರ್ಲಾ?" ಎಂದಳು. ನನಗೆ ಜೋರಾಗಿ ನಗು ಬಂತು. ಅಲ್ಲಿಂದ 3.02ಕ್ಕೆ ಎದ್ದೆ. ಒಟ್ಟು ಒಂದು ಗಂಟೆ ಹತ್ತು ನಿಮಿಷ.

ಆ ಹೊತ್ತಿನಲ್ಲಿ ಮೋಟೆಲಿನಲ್ಲಿ ನಡೆದದ್ದನ್ನು ಶ್ರೀಮತಿ ಟಿಪ್ಟನ್, ಅಧಿಕಾರಿ ಕೋಲ್ಬ್ ಮತ್ತು ಲೆಸ್ಟರ್ ಹೇಳಿದಂತೆ ಬರೆಸುತ್ತಿದ್ದೇನೆ. ಶ್ರೀಮತಿ ಟಿಪ್ಟನ್ 1.46ಕ್ಕೆ ಕೋಣೆಗೆ ಮರಳಿ ದಿಂಬಿನ ಮೇಲಿನ ಚೀಟಿ ಓದಿದರು. ಮುದುಕಿ ಎಂದರೆ ಅವರಿಗೆ ಆ ಹೊತ್ತಿನಲ್ಲಿ ಒಬ್ಬರೇ. ಡಬ್ಬದ ಕಡೆ ತಿರುಗಿಯೂ ನೋಡಲಿಲ್ಲ. 1.50ಕ್ಕೆ ಆರೈಕೆ ಮನೆಗೆ ಫೋನ್ ಮಾಡಿದರು. ಫೋನ್ ಎತ್ತಿದವರು ಹೋಗಿ ನೋಡಿ ಬಂದು, "ಅವರ ಮಂಚ ಖಾಲಿ ಇದೆಯಲ್ಲಮ್ಮ" ಎಂದರು. 1.53ಕ್ಕೆ ಅವರು ಪೊಲೀಸರಿಗೆ ಫೋನ್ ಮಾಡಿ, ತಾಯಿಯನ್ನು ಯಾರೋ ಹೊತ್ತೊಯ್ದಿದ್ದಾರೆ, ಹಣ ಕೇಳುತ್ತಿದ್ದಾರೆ ಎಂದು ದೂರು ಕೊಟ್ಟರು.

ಅಧಿಕಾರಿ ಕೋಲ್ಬ್ 2.01ಕ್ಕೆ ಬಂದರು. ನಮ್ಮ ಸಾಲಿನಲ್ಲಿ ಬಾಗಿಲುಗಳೆಲ್ಲ ತೆರೆದಿದ್ದವು, ನರಪಿಳ್ಳೆಯೂ ಇರಲಿಲ್ಲ. ಎಲ್ಲರೂ ಎದುರಿನ ಹಾಲ್‌ನಲ್ಲಿ ಊಟಕ್ಕೆ ಕುಳಿತಿದ್ದರು. ಯಾರು ಈ ಜನ ಎಂದು ಗುಮಾಸ್ತನನ್ನು ಕೇಳಿದರೆ, "ದೆವ್ವ, ಮಾಟಗಾತಿ ಅಂತ ಏನೇನೋ ಮಾಡ್ತಾರೆ ಸಾರ್, ವರ್ಷಕ್ಕೊಂದ್ಸಲ ಬರ್ತಾರೆ, ಮಾತಾಡ್ಸೋಕೆ ಒಳ್ಳೇವ್ರೇ" ಎಂದನಂತೆ. ಇದರಿಂದ ಅನುಮಾನ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ.

2.14ಕ್ಕೆ ಆರೈಕೆ ಮನೆಯಿಂದ ಫೋನ್ ಬಂತು. ಶ್ರೀಮತಿ ಶೂಮೇಕರ್ ಎಲ್ಲಿಗೂ ಹೋಗಿರಲಿಲ್ಲ. ಬಿಸಿಲು ಚೆನ್ನಾಗಿದೆ ಎಂದು ನರ್ಸ್ ಅವರನ್ನು ಗಾಲಿಕುರ್ಚಿಯಲ್ಲಿ ಗಾಜಿನ ಜಗಲಿಗೆ ಕರೆದೊಯ್ದಿದ್ದರು. ಮಗಳು ಕೂಡಲೇ ಹೊರಟು ನಿಂತರು. ಚೀಟಿ ಬರೆದವನು ಇನ್ನೂ ಹೊರಗಿದ್ದಾನೆ, ದಾರಿಯಲ್ಲಿ ಅಪಾಯವಿದೆ, ಅವನು ಇಲ್ಲಿಗೆ ಫೋನ್ ಮಾಡಬಹುದು ಎಂದು ಅಧಿಕಾರಿಗಳು ತಡೆದರು. ಆರೈಕೆ ಮನೆಯ ಬಾಗಿಲಿಗೆ ಒಬ್ಬ ಪೇದೆಯನ್ನು ನಿಲ್ಲಿಸಿದರು. ಮಗಳು 2.30ಕ್ಕೆ ಒಮ್ಮೆ, 2.50ಕ್ಕೆ ಒಮ್ಮೆ, ಹೋಗುತ್ತೇನೆ ಬಿಡಿ ಎಂದು ಬೇಡಿಕೊಂಡರು. ಅಧಿಕಾರಿಗಳು ತಮ್ಮ ಕರ್ತವ್ಯ ಮಾಡಿದರು. ಈ ವಾಕ್ಯ ಬರೆಯುವಾಗ ಅಧಿಕಾರಿ ಕೋಲ್ಬ್ ಸ್ವಲ್ಪ ಹೊತ್ತು ಟೈಪ್ ಮಾಡುವುದನ್ನು ನಿಲ್ಲಿಸಿದರು.

3.05ಕ್ಕೆ ನಮ್ಮವರು ಊಟ ಮುಗಿಸಿ ಬಂದರು. ಮುಂದೆ ಲೆಸ್ಟರ್. ನಿಮ್ಮಲ್ಲಿ ಲೆಸ್ಟರ್ ಯಾರು ಎಂದು ಅಧಿಕಾರಿಗಳು ಕೇಳಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಲೆಸ್ಟರ್ ಬೇರೇನನ್ನೂ ಕೇಳುವ ಮೊದಲೇ, "ಆ ಗೂಬೇನ ನಾನು ದುಡ್ಡು ಕೊಟ್ಟೇ ತಗೊಂಡಿದ್ದು ಸಾರ್!" ಎಂದು ಕೂಗಿದರು. ಅಧಿಕಾರಿಗಳು ಚೀಟಿ ತೋರಿಸಿದರು. ಲೆಸ್ಟರ್ ಓದಿದ್ದೇ ತಡ, "ಮುದುಕಿ ಸಿಕ್ಕಿದ್ಲಾ? ಯಾರ ಹತ್ರ ಇದ್ದಾಳೆ? ಕೈ ಮುರಿದಿಲ್ಲ ತಾನೆ? ಅದೊಂದು ಹೇಳಿ ಸಾಕು!" ಎಂದರು. ಶ್ರೀಮತಿ ಟಿಪ್ಟನ್ ಅಲ್ಲೇ ನೆಲದ ಮೇಲೆ ಕುಸಿದು ಕುಳಿತರಂತೆ. ಲೆಸ್ಟರ್ ಗಾಬರಿಯಾಗಿ, "ಅಯ್ಯೋ ತಾಯಿ, ಅಳಬೇಡಿ, ರಟ್ಟಿನ ಮುದುಕಿ ಕಣಮ್ಮ, ಗೋಡೆಗೆ ಹಾಕೋದು" ಎಂದು ವಿವರಿಸಿದರು. ಆಗಲೇ ಶ್ರೀಮತಿ ಟಿಪ್ಟನ್ ಒಳಗೆ ಹೋಗಿ ಡಬ್ಬ ನೋಡಿದ್ದು. ವಿಷಯ ತಿಳಿದಾಗ 3.10 ಆಗಿತ್ತು.

ನಾನು 3.12ಕ್ಕೆ ಬಂದೆ. ಎರಡು ಪೊಲೀಸ್ ಕಾರುಗಳು ನಿಂತಿದ್ದವು. ಯಾರದ್ದೋ ಸಂಗ್ರಹ ಕಳುವಾಗಿದೆ ಎಂದುಕೊಂಡೆ. ಲೆಸ್ಟರ್ ನನ್ನ ಕಡೆ ಬೆರಳು ತೋರಿಸಿ, "ಬಂದ ನೋಡಿ ನಿಮ್ಮ ಡಬ್ಲ್ಯೂ" ಎಂದರು. ಅವರ ದನಿಯಲ್ಲಿ ತಮಾಷೆ ಇರಲಿಲ್ಲ. ಎಷ್ಟೋ ವರ್ಷಗಳಲ್ಲಿ ಮೊದಲ ಸಲ ಇರಲಿಲ್ಲ.

ಸೀಟಿನ ಕೆಳಗಿನಿಂದ ಮುದುಕಿಯನ್ನು ತೆಗೆದು ಶ್ರೀಮತಿ ಟಿಪ್ಟನ್ ಅವರಿಗೆ ಕೊಟ್ಟೆ. ಅವರು ಅದನ್ನು ಒಂದೇ ಕೈಯಲ್ಲಿ ಹಿಡಿದು ನಿಂತರು. "ಇದಕ್ಕಾ? ಒಂದು ರಟ್ಟಿಗಾ?" ಎಂದು ಕೇಳಿದರು. ನಾನು, "ಬರೀ ರಟ್ಟಲ್ಲಮ್ಮ, ಉಬ್ಬಚ್ಚಿನದು, ಜರ್ಮನಿಯದು. ಎರಡೂ ಕೈಯಲ್ಲಿ ಹಿಡ್ಕೊಳ್ಳಿ, ಮಡಚಿಹೋಗುತ್ತೆ" ಎಂದೆ. ಈ ಮಾತು ನನ್ನ ಬಾಯಿಂದ ಬಂದದ್ದು ನಿಜ. ಅಲ್ಲಿದ್ದ ಹದಿನೈದು ಜನರೂ ಕೇಳಿಸಿಕೊಂಡಿದ್ದಾರೆ. ಅವರಲ್ಲಿ ಯಾರೂ ಆಮೇಲೆ ನನ್ನನ್ನು ಮಾತಾಡಿಸಲಿಲ್ಲ.

ಶ್ರೀಮತಿ ಟಿಪ್ಟನ್ ಕಾರು ಓಡಿಸುವ ಸ್ಥಿತಿಯಲ್ಲಿರಲಿಲ್ಲ. 3.25ಕ್ಕೆ ಅಧಿಕಾರಿ ಕೋಲ್ಬ್ ತಮ್ಮ ಕಾರಿನ ಮುಂದಿನ ಸೀಟಿನಲ್ಲಿ ಅವರನ್ನು ಕೂರಿಸಿಕೊಂಡರು. ಮುಂದಿನ ವಿಚಾರಣೆಗಾಗಿ ನನ್ನನ್ನೂ ಹಿಂದಿನ ಸೀಟಿಗೆ ಹತ್ತಿಸಿದರು. ಅಪರಾಧಿಗಳು ಕೂರುವ ಸೀಟು ಅದು, ಒಳಗಿನಿಂದ ಬಾಗಿಲು ತೆರೆಯುವುದಿಲ್ಲ. ಶ್ರೀಮತಿ ಟಿಪ್ಟನ್ ಚಿತ್ರವನ್ನು ಹಿಂದಕ್ಕೆ ಚಾಚಿ, "ನಿಮಗೇ ಹಿಡಿಯೋಕೆ ಬರುತ್ತಲ್ಲ, ಹಿಡ್ಕೊಳ್ಳಿ" ಎಂದರು. ತೊಡೆಯ ಮೇಲೆ ಇಟ್ಟುಕೊಂಡೆ.

ದಾರಿಯಲ್ಲಿ ಅವರು ಅಧಿಕಾರಿಗಳಿಗೆ ಹೇಳಿದ್ದು ನನಗೂ ಕೇಳಿಸಿತು. ಅವರ ತಾಯಿ ಹದಿನೆಂಟನೇ ವಯಸ್ಸಿನಲ್ಲಿ ಕೈಚೀಲದ ಕಾರ್ಖಾನೆಗೆ ಸೇರಿ, ಮೊದಲ ಸಂಬಳದಲ್ಲಿ ಕೊಂಡ ಚಿತ್ರವಂತೆ. ಹಬ್ಬ ಮುಗಿದರೂ ಅಡುಗೆಮನೆಯ ಗೋಡೆಯಿಂದ ಇಳಿಸಲಿಲ್ಲ. ಅದಕ್ಕೆ ಟಿಲ್ಲಿ ಅತ್ತೆ ಎಂದು ಹೆಸರಿಟ್ಟಿದ್ದರು. ಮಕ್ಕಳು ಹಾಲು ಬಿಟ್ಟರೆ "ಟಿಲ್ಲಿ ಅತ್ತೆ ನೋಡ್ತಿದ್ದಾಳೆ", ಸುಳ್ಳು ಹೇಳಿದರೆ "ಟಿಲ್ಲಿ ಅತ್ತೇನ ಕೇಳ್ತೀನಿ". ಮೂರು ದಿನದ ಹಿಂದೆ ತಾಯಿ ಫೋನಿನಲ್ಲಿ, "ಅಕ್ಟೋಬರ್‌ವರೆಗೆ ನಾನು ಕಾಯೋಕಾಗಲ್ಲ ರೋಸ್, ಟಿಲ್ಲೀನ ಕರ್ಕೊಂಡು ಬಾ" ಎಂದಿದ್ದರಂತೆ. ಕೊನೆಗೆ ಶ್ರೀಮತಿ ಟಿಪ್ಟನ್ ಹಿಂದೆ ತಿರುಗದೆಯೇ ನನಗೆ, "ಟಿಲ್ಲಿ ಅಂತ ಬರೆದಿದ್ರೆ ನಂಗೆ ಗೊತ್ತಾಗ್ತಿತ್ತು ರೀ" ಎಂದರು. ಅವಳಿಗೆ ಆ ಹೆಸರಿದೆ ಎಂದು ನನಗೆ ಗೊತ್ತಿರಲಿಲ್ಲ.

3.36ಕ್ಕೆ ತಲುಪಿದೆವು. ಶ್ರೀಮತಿ ಶೂಮೇಕರ್ ಅವರನ್ನು ಮಂಚಕ್ಕೆ ತಂದು ಮಲಗಿಸಿದ್ದರು. ಕಣ್ಣು ಮುಚ್ಚಿತ್ತು. ನರ್ಸ್ ಹೇಳಿದ್ದು ಏನೆಂದರೆ, ಜಗಲಿಗೆ ಕರೆದೊಯ್ದಾಗ ಮಂಪರಿನಲ್ಲಿದ್ದ ಅವರು 2.05ರಿಂದ 3.05ರವರೆಗೆ ಪೂರ್ತಿ ಎಚ್ಚರವಾಗಿದ್ದರು. ವಾರದಲ್ಲಿ ಅಷ್ಟು ಚೆನ್ನಾಗಿ ಮಾತಾಡಿದ್ದೇ ಇಲ್ಲ. ಬಿಸಿಲಿಗೆ ಮುಖ ಕೊಟ್ಟು ಕುಳಿತು, ಪೀಚ್ ಹಣ್ಣಿನ ಎರಡು ಹೋಳು ತಿಂದರು. "ರೋಸ್ ಬಂದ್ಲಾ?" ಎಂದು ಐದು ಸಲ ಕೇಳಿದರು. ಬಾಗಿಲಲ್ಲಿ ನಿಂತ ಪೇದೆಯನ್ನು ನೋಡಿ, "ಅವನು ನಮ್ಮ ರೋಸ್ ಗಂಡನಾ? ಇಷ್ಟು ಎತ್ತರ ಇದ್ನಾ?" ಎಂದು ನಕ್ಕರು. ಆಮೇಲೆ ನೋವು ಹೆಚ್ಚಾಯಿತು, 3.05ಕ್ಕೆ ಔಷಧಿ ಕೊಟ್ಟರು. ಮಗಳು ಇದೆಲ್ಲವನ್ನೂ ಗೋಡೆಗೆ ಒರಗಿ ನಿಂತು ಕೇಳಿದರು. ಐದನೇ ಸಲ ಕೇಳಿದಾಗ ನೀವು ಏನು ಹೇಳಿದಿರಿ ಎಂದು ನರ್ಸನ್ನು ವಿಚಾರಿಸಿದರು. "ಇನ್ನೇನು ಬಂದ್ರು ಅಂದೆ ಅಮ್ಮ" ಎಂದರು ನರ್ಸ್.

ಚಿತ್ರವನ್ನು ಮಂಚದ ಎದುರಿನ ಗೋಡೆಗೆ ಹಾಕಬೇಕೆಂದು ಮಗಳು ಹೇಳಿದರು. ಅದರ ಬೆನ್ನಿಗೆ ಅಂಟಿಸಿದ್ದ ದಾರದ ಕುಣಿಕೆ ಎಪ್ಪತ್ತು ವರ್ಷ ಉಳಿದಿತ್ತು. ನಾನು ಸೀಟಿನ ಕೆಳಗೆ ತಳ್ಳಿದಾಗ ಕಿತ್ತುಬಂದಿತ್ತು. ಅದನ್ನು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ, ಆಗ ಹೇಳಿದೆ. ನರ್ಸ್ ಅಂಟುಪಟ್ಟಿ ತಂದರು. ಬಣ್ಣ ಎದ್ದುಬರುತ್ತದೆ ಎನ್ನಲು ಬಾಯಿ ತೆರೆದು ಮುಚ್ಚಿದೆ. ಅದು ಗೋಡೆಗೆ ನಿಲ್ಲಲೂ ಇಲ್ಲ, ಚಿತ್ರ ಜಾರಿತು. ಶ್ರೀಮತಿ ಟಿಪ್ಟನ್ ಸೂಚನಾ ಫಲಕದಿಂದ ಒಂದು ಪಿನ್ನು ಕಿತ್ತು ನನ್ನ ಕೈಗಿಟ್ಟು, "ನೀವೇ ಹೊಡೀರಿ" ಎಂದರು.

ನಮ್ಮ ಪೈಕಿ ಪಿನ್ನು ಚುಚ್ಚುವುದೆಂದರೆ ಏನು ಎಂದು ಅಧಿಕಾರಿಗಳಿಗೆ ಹೇಗೆ ವಿವರಿಸಲಿ? ತೂತಿಲ್ಲದ ಚಿತ್ರಕ್ಕಾಗಿ ನಾವು ಊರೂರು ಅಲೆಯುತ್ತೇವೆ. ಒಂದು ತೂತಿದ್ದರೆ ಮುಖ ತಿರುಗಿಸುತ್ತೇವೆ. 26 ವರ್ಷದಲ್ಲಿ ನಾನು ಒಂದು ಚಿತ್ರಕ್ಕೂ ಉಗುರು ತಾಗಿಸಿರಲಿಲ್ಲ. 3.48ಕ್ಕೆ ಟೋಪಿಯ ತುದಿಯಲ್ಲಿ ಪಿನ್ನು ಇಟ್ಟು ಹೆಬ್ಬೆರಳಿನಿಂದ ಒತ್ತಿದೆ. ಹಳೆಯ ರಟ್ಟು, ಸಣ್ಣಗೆ ಸದ್ದಾಯಿತು.

3.50ಕ್ಕೆ ಶ್ರೀಮತಿ ಶೂಮೇಕರ್ ಕಣ್ಣು ತೆರೆದರು. ಮಗಳು ಬಲಗಡೆ ಕೈ ಹಿಡಿದು ಕುಳಿತಿದ್ದರು. ತಾಯಿ ಆ ಕಡೆ ನೋಡಲಿಲ್ಲ. ನೇರವಾಗಿ ಗೋಡೆ ನೋಡಿದರು. ಆಮೇಲೆ ಗೋಡೆಯ ಪಕ್ಕ ನಿಂತಿದ್ದ ನನ್ನನ್ನು ನೋಡಿದರು. "ಸೊಟ್ಟ ಹಾಕಿದ್ದೀಯಲ್ಲಯ್ಯ" ಎಂದರು. ಸ್ಪಷ್ಟವಾಗಿತ್ತು ಮಾತು. ಮಗಳು ನಕ್ಕುಬಿಟ್ಟರು, ಅಳುತ್ತಲೇ. ನಾನು ಪಿನ್ನು ಕಿತ್ತು, ಅರ್ಧ ಅಂಗುಲ ಎಡಕ್ಕೆ ಸರಿಸಿ, ಇನ್ನೊಂದು ತೂತು ಮಾಡಿ ನೆಟ್ಟಗೆ ಹಾಕಿದೆ. ಅವರು ನೋಡುತ್ತಿದ್ದರು. ಸರಿಯಾಯಿತೇ ಎಂದು ಕೇಳಿದೆ. 3.58ಕ್ಕೆ ಕಣ್ಣು ಮುಚ್ಚಿದರು.

ಶ್ರೀಮತಿ ಟಿಪ್ಟನ್ ಸ್ವಲ್ಪ ಹೊತ್ತಾದ ಮೇಲೆ, "ಇನ್ನು ನೀವು ಹೋಗಿ" ಎಂದರು. ಸಿಟ್ಟಿನಿಂದಲ್ಲ. ನಾನು ಹೊರಗೆ ಬಂದು ಪೊಲೀಸ್ ಕಾರಿನ ಹತ್ತಿರ ನಿಂತೆ.

ಶ್ರೀಮತಿ ಶೂಮೇಕರ್ ಮತ್ತೆ ಎಚ್ಚರಗೊಳ್ಳಲಿಲ್ಲ. ಭಾನುವಾರ ಮಧ್ಯಾಹ್ನ 12.25ಕ್ಕೆ ತೀರಿಕೊಂಡರು. ಅದೇ ಸಂಜೆ ಮಗಳು ಠಾಣೆಗೆ ಫೋನ್ ಮಾಡಿ ದೂರನ್ನು ಹಿಂದಕ್ಕೆ ಪಡೆದಿದ್ದಾರೆ. ಕಳುವಾದ ವಸ್ತು ಸಿಕ್ಕಿದೆ, ಬೇರೇನೂ ನಷ್ಟವಾಗಿಲ್ಲ ಎಂದು ಹೇಳಿದ್ದಾರಂತೆ. ಅಧಿಕಾರಿ ಕೋಲ್ಬ್ ನನಗೆ ಅದನ್ನು ಓದಿ ಹೇಳಿ, ಪ್ರಕರಣ ಮುಗಿಯಿತು, ನೀವು ಮನೆಗೆ ಹೋಗಬಹುದು ಎಂದರು.

ನಾನು ಬಂದದ್ದು ಅದನ್ನು ತಿದ್ದಿಸಲು. ಬೇರೇನೂ ನಷ್ಟವಾಗಿಲ್ಲ ಎಂಬುದು ತಪ್ಪು. ದಿನಾಂಕ 26-9-1998ರಂದು ಮಧ್ಯಾಹ್ನ 2.05ರಿಂದ 3.05ರವರೆಗಿನ ಒಂದು ಗಂಟೆ ಶ್ರೀಮತಿ ರೋಸಲಿನ್ ಟಿಪ್ಟನ್ ಅವರಿಗೆ ಸೇರಿದ್ದಾಗಿತ್ತು. ಹೆಚ್ಚುಕಡಿಮೆ ಆ ಒಂದು ಗಂಟೆಯೂ ನಾನು ಪೈ ತಿನ್ನುತ್ತ ಕುಳಿತಿದ್ದೆ. ಅವರ ತಾಯಿಯ ಕೊನೆಯ ಮಾತೂ ಅವರಿಗೆ ಸಿಗಲಿಲ್ಲ, ನನಗೆ ಸಿಕ್ಕಿತು. ಇವೆರಡನ್ನೂ ತೆಗೆದುಕೊಂಡವನು ನಾನು. ಹಿಂದಿರುಗಿಸಲು ನನ್ನಿಂದ ಆಗುವುದಿಲ್ಲ. ಇಂಥದ್ದನ್ನು ಬರೆಯಲು ನಮೂನೆಯಲ್ಲಿ ಜಾಗವಿಲ್ಲ ಎಂದು ಅಧಿಕಾರಿಗಳು ಹೇಳಿದ್ದರಿಂದ, ಇಲ್ಲಿ ಬರೆಸಿದ್ದೇನೆ.

ಮೇಲೆ ಬರೆದದ್ದನ್ನು ಅಧಿಕಾರಿಗಳು ಓದಿ ಹೇಳಿದರು, ನಾನೂ ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ಓದಿದೆ. ನಾನು ಹೇಳಿದಂತೆಯೇ ಇದೆ, ಹೇಳಿದ್ದು ನಡೆದಂತೆಯೇ ಇದೆ. ಯಾರ ಒತ್ತಾಯವೂ ಇಲ್ಲ.

ಸ್ಥಳ: ಹಾರ್ಲನ್ಸ್‌ಬರ್ಗ್
ದಿನಾಂಕ: 28-9-1998, ಬೆಳಿಗ್ಗೆ 11.55

(ಸಹಿ) ವೆಂಡೆಲ್ ಕ್ರೇಬಿಲ್
109ನೇ ಕೋಣೆ